‘ಆಳು ಸಿಗೋದಿಲ್ಲ’ ಅನ್ನುವ ಮುಂಚೆ ಒಂದು ಲೆಕ್ಕ

ತೊಗರ್ಸಿ ಬಸ್ ನಿಲ್ದಾಣದ ಆಸುಪಾಸಿನ ಅಂಗಡಿಗಳಲ್ಲಾಗಲಿ, ಶಿರಾಳಕೊಪ್ಪದ ಪೇಟೆಯಲ್ಲಾಗಲಿ, ಅತ್ತ ಸೊರಬ ಇತ್ತ ಶಿಕಾರಿಪುರದಲ್ಲಾಗಲಿ, ಗಲ್ಲಾಪೆಟ್ಟಿಗೆಯ ಹಿಂದಿನಿಂದ ಈಗ ಕೇಳಿಬರುವುದು ಒಂದೇ ರಾಗ. “ಕೆಲಸಕ್ಕೆ ಜನಾನೇ ಸಿಗ್ತಿಲ್ರೀ. ಸಿಕ್ಕೋರು ನಿಲ್ಲೋದಿಲ್ಲ, ನಿಂತೋರು ಮೈಬಗ್ಗಿಸೋದಿಲ್ಲ.” ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಹೋಟೆಲು, ಗ್ಯಾರೇಜು, ಅಡಿಕೆ ಸುಲಿಯುವ ಅಂಗಳ, ಎಲ್ಲ ಕಡೆಯೂ ಇದೇ ಗೋಳು.

ಗೋಳಿನಲ್ಲಿ ಹುರುಳಿಲ್ಲ ಎಂದು ಯಾರೂ ಹೇಳಲಾರರು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಇಲ್ಲಿ “ಸೋಮಾರಿ” ಅನ್ನಿಸಿಕೊಂಡ ಹುಡುಗನೇ ಬೆಂಗಳೂರಿನ ಬಸ್ಸು ಹತ್ತಿ ಹೋಗಿ, ಅಲ್ಲಿ ದಿನವಿಡೀ ನಿಂತು ದುಡಿದು, ಊರಿಗೆ ದುಡ್ಡು ಕಳಿಸುತ್ತಾನೆ. ಇಲ್ಲಿ “ಎರಡು ದಿನ ಬಂದ್ರೆ ಮೂರು ದಿನ ಇಲ್ಲ” ಅನ್ನಿಸಿಕೊಂಡ ಹೆಣ್ಣುಮಗಳು ಇನ್ನೊಬ್ಬರ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ರಾಶಿ ಕರಗಿಸಿ ಏಳುತ್ತಾಳೆ. ಆಳು ಅದೇ, ಕೈ ಅದೇ, ಹೊಟ್ಟೆ ಅದೇ. ಬದಲಾದದ್ದು ಕೆಲಸ ಮಾಡಿಸುವ ರೀತಿ. ಹಾಗಿದ್ದ ಮೇಲೆ ದೂರನ್ನೆಲ್ಲಾ ಆಳಿನ ತಲೆಗೇ ಕಟ್ಟುವುದು ಎಷ್ಟು ಸರಿ?

ದೊಡ್ಡ ಕಂಪನಿಗಳಲ್ಲಿ ಈ ವಿಷಯಕ್ಕೆ “ಮಾನವ ಸಂಪನ್ಮೂಲ ನಿರ್ವಹಣೆ” ಎಂಬ ಗಜಗಾತ್ರದ ಹೆಸರಿದೆ. ಅದಕ್ಕೊಂದು ವಿಭಾಗ, ವಿಭಾಗಕ್ಕೊಬ್ಬ ಸಾಹೇಬ, ಸಾಹೇಬನಿಗೊಂದು ತಣ್ಣನೆಯ ಕೋಣೆ. ಆ ಹೆಸರಿನ ಗಂಟು ಬಿಚ್ಚಿ ನೋಡಿದರೆ ಒಳಗಿರುವುದು ನಾಲ್ಕಾರು ಹಳೆಯ ಪ್ರಶ್ನೆಗಳೇ. ಸಂಬಳ ಯಾವತ್ತು? ರಜೆ ಯಾವತ್ತು? ಕೆಲಸ ಕಲಿಸೋರು ಯಾರು? ಯಾರ ಮಾತು ಕೇಳಬೇಕು? ಕಷ್ಟ ಬಂದರೆ ಯಾರ ಹತ್ತಿರ ಹೇಳಿಕೊಳ್ಳೋದು? ಕೂರೋಕೆ ಜಾಗ, ಕುಡಿಯೋಕೆ ನೀರು ಉಂಟೋ ಇಲ್ಲವೋ? ಇಬ್ಬರು ಆಳಿರುವ ಅಂಗಡಿಗೂ ಎರಡು ಸಾವಿರ ಆಳಿರುವ ಕಾರ್ಖಾನೆಗೂ ಈ ಪ್ರಶ್ನೆಗಳು ಒಂದೇ.

ಬಟವಾಡೆ ದಿನದ ಮಹಿಮೆ

ಮೊದಲು ಸಂಬಳದ ಮಾತು. ಎಷ್ಟು ಎಂಬುದು ಒಂದು ಪ್ರಶ್ನೆ, ಯಾವತ್ತು ಎಂಬುದು ಇನ್ನೊಂದು. ಎರಡನೆಯದನ್ನು ಬಹಳ ಮಂದಿ ಪ್ರಶ್ನೆ ಎಂದೇ ತಿಳಿದಿಲ್ಲ. “ಕೊಡ್ತೀನಿ ಬಿಡಪ್ಪ, ನಿನ್ ದುಡ್ಡು ಎಲ್ಲಿಗೆ ಓಡಿಹೋಗುತ್ತೆ?” ಎಂದು ಹೇಳಿ ಮುಂದಿನ ಸಂತೆಗೆ ತಳ್ಳುವುದು ಮಾಮೂಲಿಯಾಗಿದೆ.

ಒಡಿಶಾದಲ್ಲಿ ಕೆಲವು ವರ್ಷಗಳ ಹಿಂದೆ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಸುಪ್ರೀತ್ ಕೌರ್, ಸೆಂಧಿಲ್ ಮುಲ್ಲೈನಾಥನ್ ಮೊದಲಾದ ಅರ್ಥಶಾಸ್ತ್ರಜ್ಞರು ಊಟದೆಲೆ ಕಟ್ಟುವ ಕೆಲಸಕ್ಕೆ ಹಳ್ಳಿಯ ಬಡ ಕೂಲಿಗಳನ್ನು ಎರಡು ವಾರ ತೆಗೆದುಕೊಂಡರು. ಕಟ್ಟಿದ ಎಲೆಗೆ ಇಷ್ಟು ಎಂದು ಕೂಲಿ. ಎಲ್ಲರಿಗೂ ದರ ಒಂದೇ. ವ್ಯತ್ಯಾಸ ಒಂದೇ ಒಂದು: ಕೆಲವರಿಗೆ ದುಡಿದ ಕೂಲಿಯ ಬಹುಪಾಲನ್ನು ಕೆಲವು ದಿನ ಮುಂಚಿತವಾಗಿ ಕೊಟ್ಟರು, ಉಳಿದವರಿಗೆ ಕೊನೆಯಲ್ಲಿ. ಮೊದಲೇ ದುಡ್ಡು ಕೈಗೆ ಬಂದವರು ಆಮೇಲಿನ ದಿನಗಳಲ್ಲಿ ಉಳಿದವರಿಗಿಂತ ಸುಮಾರು ಶೇ. 7ರಷ್ಟು ಹೆಚ್ಚು ಎಲೆ ಕಟ್ಟಿದರು. ತೀರಾ ಬಡವರಲ್ಲಿ ಹೆಚ್ಚಳ ಇನ್ನೂ ದೊಡ್ಡದು. ತಪ್ಪುಗಳೂ ಕಡಿಮೆಯಾದವು.

ದರ ಏರಿಸಲಿಲ್ಲ, ಗದರಿಸಲಿಲ್ಲ, ಮೇಸ್ತ್ರಿ ನಿಲ್ಲಿಸಲಿಲ್ಲ. ಆದರೂ ಕೈ ಯಾಕೆ ಚುರುಕಾಯಿತು? ಕೂಲಿ ಬಂದ ಕೂಡಲೇ ಆ ಜನ ಸಾಲ ತೀರಿಸಿದರು, ಮನೆಗೆ ಬೇಕಾದ್ದು ತಂದರು. ತಲೆ ಹಗುರವಾಯಿತು. “ಸಾಲಗಾರ ಬಾಗಿಲಿಗೆ ಬಂದ್ರೆ ಏನ್ ಹೇಳೋದು” ಎಂದು ಒಳಗೊಳಗೇ ಕೊರೆಯುವ ಹುಳ ಅಷ್ಟು ದಿನವಾದರೂ ಸುಮ್ಮನಾಯಿತು. ಮನಸ್ಸು ಎಲೆಯ ಮೇಲೆ ನಿಂತಿತು. ಬಡವನ ಬೆನ್ನಿನ ಮೇಲೆ ಕೆಲಸದ ಭಾರ ಒಂದೇ ಅಲ್ಲ, ಚಿಂತೆಯ ಭಾರವೂ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬಟವಾಡೆ ಬಗ್ಗೆ ಕಾನೂನೂ ಸ್ಪಷ್ಟವಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ದಿನಗೂಲಿಯವನಿಗೆ ಅಂದಿನ ಪಾಳಿ ಮುಗಿದಾಗಲೇ ಕೂಲಿ, ವಾರದವನಿಗೆ ವಾರದ ರಜೆಗೆ ಮುಂಚಿನ ಕೆಲಸದ ದಿನ, ತಿಂಗಳ ಸಂಬಳದವನಿಗೆ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸಂಬಳ ಕೈಗೆ ಸೇರಬೇಕು. ಕೆಲಸ ಬಿಟ್ಟವನ ಬಾಕಿ ಎರಡು ಕೆಲಸದ ದಿನಗಳೊಳಗೆ ತೀರಬೇಕು. ಕಾನೂನಿನ ಪುಸ್ತಕ ನೋಡಿ ಯಾರೂ ಅಂಗಡಿ ನಡೆಸುವುದಿಲ್ಲ, ಒಪ್ಪೋಣ. ಆದರೆ ಇಲ್ಲಿ ಕಾನೂನೂ ಲಾಭವೂ ಒಂದೇ ದಾರಿಯಲ್ಲಿ ಬರುತ್ತಿರುವಾಗ ಎದುರು ದಾರಿ ಹಿಡಿಯುವುದು ಯಾವ ಜಾಣತನ?

ಹೊಲಿಗೆ ಮೆಷಿನ್ ಕಲಿಸಿದ ಪಾಠ

ಇನ್ನು ಕಲಿಸುವ ಮಾತು. ಮಲೆನಾಡಿನ ಹೆಣ್ಣುಮಕ್ಕಳಿಗೆ ಗಾರ್ಮೆಂಟ್ಸ್ ಹೊಸದಲ್ಲ. ಶಿವಮೊಗ್ಗದ ಪಕ್ಕದ ಮಾಚೇನಹಳ್ಳಿಯಲ್ಲೇ ಶಾಹಿ ಎಕ್ಸ್‌ಪೋರ್ಟ್ಸ್ ಕಾರ್ಖಾನೆ ಇದೆ. ಅದೇ ಕಂಪನಿಯ ಬೆಂಗಳೂರಿನ ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ ನ್ಯಷಾಧಂ ಎಂಬ ಅರ್ಥಶಾಸ್ತ್ರಜ್ಞರು ಒಂದು ಪರೀಕ್ಷೆ ನಡೆಸಿದರು. ಹೊಲಿಯುವ ಹೆಣ್ಣುಮಕ್ಕಳಲ್ಲಿ ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸಿ ತರಬೇತಿ ಕೊಟ್ಟರು. ಹೊಲಿಗೆಯದಲ್ಲ. ಎದುರಿನವರ ಹತ್ತಿರ ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ದುಡ್ಡಿನ ಲೆಕ್ಕ ಇಡುವುದು, ಕಷ್ಟ ಬಂದಾಗ ಯೋಚಿಸಿ ದಾರಿ ಹುಡುಕುವುದು, ಹೀಗೆ.

“ಮಾತು ಕಲಿಸಿದ್ರೆ ಬಟ್ಟೆ ಜಾಸ್ತಿ ಹೊಲೀತಾರಾ?” ಎಂದು ನಗುವವರು ನಗಲಿ. ಜಾಸ್ತಿಯೇ ಹೊಲಿದರು. ದಾರ ಸರಿ ಇಲ್ಲ ಎಂದು ಮೇಲ್ವಿಚಾರಕನಿಗೆ ಹೇಳುವ ಧೈರ್ಯ ಬಂದರೆ ಮೆಷಿನ್ ಅರ್ಧ ಗಂಟೆ ಸುಮ್ಮನೆ ನಿಲ್ಲುವುದಿಲ್ಲ. ಪಕ್ಕದವಳನ್ನು ಕೇಳಿ ಹೊಸ ಕೆಲಸ ಕಲಿತರೆ ಅವಳು ರಜೆ ಹಾಕಿದ ದಿನ ಸಾಲು ಕೆಡುವುದಿಲ್ಲ. ತರಬೇತಿಗೆ ಹಾಕಿದ ದುಡ್ಡು ಮುಗಿದ ಎಂಟೇ ತಿಂಗಳಲ್ಲಿ ಎರಡು ಪಟ್ಟಿಗೂ ಮೀರಿ ಕಂಪನಿಗೆ ವಾಪಸು ಬಂತು ಎಂದು ಆ ವಿದ್ವಾಂಸರು ಲೆಕ್ಕ ಹಾಕಿದ್ದಾರೆ.

ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಾಲೂ ಇದೆ, ಅದನ್ನು ನುಂಗಿ ಹಾಕಬಾರದು. ಕೆಲಸ ಅಷ್ಟು ಹೆಚ್ಚಿದರೂ ಆ ಹೆಣ್ಣುಮಕ್ಕಳ ಸಂಬಳ ಏರಿದ್ದು ಶೇ. 1ಕ್ಕೂ ಕಡಿಮೆ. ಹಾಲು ಹೆಚ್ಚು ಕರೆದರೂ ಹಿಂಡಿ ಅಷ್ಟೇ! ಇದು ಲಾಭದ ಲೆಕ್ಕಕ್ಕೆ ಸರಿ, ನ್ಯಾಯದ ಲೆಕ್ಕಕ್ಕೆ ಸರಿಯಲ್ಲ.

ಹೇಳಿಕೊಳ್ಳಲು ಒಂದು ಕಿವಿ ಇದ್ದರೆ ಏನಾಗುತ್ತದೆ ಎಂಬುದನ್ನೂ ಅಲ್ಲಿಯೇ ನೋಡಿದರು. 2016ರಲ್ಲಿ ಕನಿಷ್ಠ ವೇತನ ಏರಿದಾಗ ಅದು ನಿರೀಕ್ಷಿಸಿದಷ್ಟು ಇರಲಿಲ್ಲ. ಕೆಲಸಗಾರರಿಗೆ ಬೇಸರವಾಗಿತ್ತು. ಅಂಥವರಲ್ಲಿ ಕೆಲವರನ್ನು ಆರಿಸಿ, ಹೆಸರು ಬರೆಯದೆ, ಕೆಲಸ, ಸಂಬಳ, ಮೇಲ್ವಿಚಾರಕರ ಬಗ್ಗೆ ಅನ್ನಿಸಿದ್ದು ಹೇಳಲು ಅವಕಾಶ ಕೊಟ್ಟರು. ಅಷ್ಟೇ. ಆ ಗುಂಪಿನಲ್ಲಿ ಕೆಲಸ ಬಿಟ್ಟು ಹೋಗುವವರೂ ಕಡಿಮೆಯಾದರು, ಗೈರುಹಾಜರಿಯೂ ಇಳಿಯಿತು. ಸಂಬಳ ಒಂದು ಪೈಸೆ ಏರಿರಲಿಲ್ಲ, ಕೇಳುವವರಿದ್ದಾರೆ ಅನ್ನಿಸಿತ್ತು.

ಕೇಳುವವರಿಲ್ಲದಿದ್ದರೆ? ಅದಕ್ಕೂ ಅದೇ ವರ್ಷದ ಬೆಂಗಳೂರೇ ಸಾಕ್ಷಿ. ಭವಿಷ್ಯನಿಧಿಯ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಅಡ್ಡಗೋಡೆ ಕಟ್ಟಿದ್ದಕ್ಕೆ 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಯಾವ ದೊಡ್ಡ ಮುಖಂಡನಿಗೂ ಕಾಯದೆ ರಸ್ತೆಗೆ ಇಳಿದರು. ರಾಜಧಾನಿಯ ಹೆದ್ದಾರಿಗಳು ನಿಂತವು. ದೆಹಲಿ ಆ ಆದೇಶವನ್ನು ಹಿಂದಕ್ಕೆ ತೆಗೆದುಕೊಂಡಿತು. ಕೋಣೆಯೊಳಗೆ ಕೇಳಿಸದ ಮಾತು ಬೀದಿಯಲ್ಲಿ ಕೇಳಿಸಿತು.

ಬಸ್ಸಿನಲ್ಲಿ ಕಾಣುವ ಸತ್ಯ

ಬಸ್ಸಿಗೆ ಕಾಯುವವರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಕಂಡಕ್ಟರ್ ಸಿಡುಕುತ್ತಾನೆ, ಡ್ರೈವರ್ ನಿಲ್ಲಿಸದೆ ಹೋಗುತ್ತಾನೆ ಎಂದು ಪ್ರಯಾಣಿಕರು ಬೈಯುತ್ತಾರೆ. ಬೈಯುವುದು ತಪ್ಪಲ್ಲ. ಆದರೆ ಕಲೆಕ್ಷನ್ ಮೇಲೆ ಭತ್ಯೆ ನಿಗದಿ ಮಾಡಿರುವ ಕಡೆ ಹಿಂದಿನ ಬಸ್ಸಿಗಿಂತ ಮುಂಚೆ ಮುಂದಿನ ನಿಲ್ದಾಣದ ಜನರನ್ನು ತುಂಬಿಸಿಕೊಳ್ಳಲು ಓಡದೆ ಇನ್ನೇನು ಮಾಡುತ್ತಾರೆ? ಯಾವುದಕ್ಕೆ ದುಡ್ಡು ಕೊಡುತ್ತೀರೋ ಅದೇ ಕೆಲಸ ಆಗುತ್ತದೆ. ಟಿಕೆಟ್ಟಿಗೆ ಕೊಟ್ಟರೆ ಟಿಕೆಟ್ಟು, ಜೋಪಾನಕ್ಕೆ ಕೊಟ್ಟರೆ ಜೋಪಾನ.

ಸರ್ಕಾರಿ ಬಸ್ಸಿನ ಕಥೆಯೂ ಜನ ಮರೆತಿಲ್ಲ. 2021ರ ಏಪ್ರಿಲ್ 7ರಿಂದ 21ರವರೆಗೆ ಎರಡು ವಾರ ಸಾರಿಗೆ ನೌಕರರು ಮುಷ್ಕರ ಹೂಡಿದರು. ಆರನೇ ವೇತನ ಆಯೋಗದ ಸಂಬಳ ಬೇಕೆಂಬುದು ಬೇಡಿಕೆ. ಅತ್ತ ನೌಕರರು, ಇತ್ತ ಸರ್ಕಾರ, ನಡುವೆ ನಿಲ್ದಾಣದಲ್ಲಿ ಬಿಸಿಲು ಕಾಯಿಸಿದವರು ಪ್ರಯಾಣಿಕರು. 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಪ್ರಯಾಣ ಬಂತು. ಒಳ್ಳೆಯದೇ. ಹೆಣ್ಣುಮಕ್ಕಳು ಪೇಟೆಗೆ, ಕೆಲಸಕ್ಕೆ, ಕಾಲೇಜಿಗೆ ಬಂದರು, ಅಂಗಡಿಗಳಿಗೂ ವ್ಯಾಪಾರವಾಯಿತು. ಆದರೆ ಶೂನ್ಯ ದರದ ಟಿಕೆಟ್ ಹರಿದುಕೊಡಲೂ ಕಂಡಕ್ಟರನ ಕೈಯೇ ಬೇಕು. ತುಂಬಿದ ಬಸ್ಸಿನಲ್ಲಿ ಆ ಕೈಗೆ ಎಷ್ಟು ಕೆಲಸ ಹೆಚ್ಚಿತು ಎಂದು ದಿನಾ ಬಸ್ಸು ಹತ್ತುವವರು ಕಣ್ಣಾರೆ ಕಂಡಿದ್ದಾರೆ.

ಇದೇ ಮಲೆನಾಡಿನಲ್ಲಿ ಇನ್ನೊಂದು ದಾರಿಯನ್ನೂ ನೋಡಿದ್ದಾಗಿದೆ. ಕೊಪ್ಪದ ಶಂಕರ್ ಕಂಪನಿಯಲ್ಲಿ ಮಾಲೀಕರಿಗೂ ಕಾರ್ಮಿಕರಿಗೂ ತಕರಾರು ಬೆಳೆದು ಕಂಪನಿ ಬಾಗಿಲು ಹಾಕುವ ಹಂತ ಮುಟ್ಟಿದಾಗ, 1991ರಲ್ಲಿ ಕಾರ್ಮಿಕರೇ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಲು ನಿಂತರು. ಅದೇ “ಸಹಕಾರ ಸಾರಿಗೆ”. ಕೆಲವೇ ಬಸ್ಸುಗಳಿಂದ ಶುರುವಾಗಿ ಎಪ್ಪತ್ತರ ಆಚೆಗೆ ಬೆಳೆಯಿತು. ಡ್ರೈವರೂ ಕಂಡಕ್ಟರೂ ಅದರ ಸದಸ್ಯರೇ, ಒಡೆಯರೇ. ದುರ್ಗಮ ಹಳ್ಳಿಗಳಿಗೆ ಬಸ್ಸು ಹೋಯಿತು, ಶಾಲೆ ಮಕ್ಕಳಿಗೆ ರಿಯಾಯಿತಿ ಸಿಕ್ಕಿತು. “ನಮ್ಮ ಬಸ್ಸು” ಎಂದು ಓಡಿಸಿದವನ ಕೈಯಲ್ಲಿ ಗಾಡಿ ಹೇಗೆ ಬಾಳುತ್ತದೆ, ಪ್ರಯಾಣಿಕನಿಗೆ ಎಂಥ ಮರ್ಯಾದೆ ಸಿಗುತ್ತದೆ ಎಂಬುದನ್ನು ಘಟ್ಟದ ಜನ ಸುಮಾರು ಮೂರು ದಶಕ ಅನುಭವಿಸಿದರು.

ಆಮೇಲೆ? 2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆ ನಿಂತುಹೋಯಿತು. ಡೀಸೆಲ್ ಬೆಲೆ, ತೆರಿಗೆ, ವಿಮೆ, ಪೈಪೋಟಿ, ಎಲ್ಲ ಸೇರಿ ಕುತ್ತಿಗೆ ಹಿಸುಕಿದವು. ಇದನ್ನು ಮುಚ್ಚಿಡಬೇಕಾಗಿಲ್ಲ. ದುಡಿಯುವವನನ್ನು ಚೆನ್ನಾಗಿ ನೋಡಿಕೊಂಡರೆ ದುಡಿಮೆ ಹೆಚ್ಚುತ್ತದೆ, ಡೀಸೆಲ್ ಬೆಲೆ ಇಳಿಯುವುದಿಲ್ಲ.

ಭದ್ರಾವತಿಯ ಪಾಠವೂ ಇದೇ. 1918ರಲ್ಲಿ ಸ್ಥಾಪನೆಯಾಗಿ 1923ರಲ್ಲಿ ಕಬ್ಬಿಣ ಹರಿಸಿದ ಕಾರ್ಖಾನೆ ನಷ್ಟದಲ್ಲಿ ಮುಳುಗುತ್ತಿದ್ದಾಗ ಸರ್ ಎಂ. ವಿಶ್ವೇಶ್ವರಯ್ಯನವರು ಹೊಣೆ ಹೊತ್ತರು. ವೆಚ್ಚಕ್ಕೆ ಕಡಿವಾಣ ಹಾಕಿದರು. ವಿದೇಶೀಯರೇ ಬೇಕು ಎಂಬ ಹಟ ಬಿಡಿಸಿ, ಇಲ್ಲಿಯ ಹುಡುಗರಿಗೆ ಕೆಲಸ ಕಲಿಸಿ ಅವರ ಕೈಗೇ ಯಂತ್ರ ಕೊಟ್ಟರು. ಕಾರ್ಖಾನೆ ನಿಂತುಕೊಂಡಿತು. ಅದೇ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಕಲಿತ ಕೈಗಳಿಗೆ ಬರ ಇರಲಿಲ್ಲ, ಬಂಡವಾಳ ಹಾಕುವ ಮನಸ್ಸಿಗೆ ಬರ ಇತ್ತು. ಕಾರ್ಖಾನೆ ಸೋತರೆಲ್ಲಾ ಕಾರ್ಮಿಕನೇ ಕಾರಣ ಅನ್ನುವವರು ಭದ್ರಾವತಿಗೆ ಒಮ್ಮೆ ಹೋಗಿ ಬರಲಿ.

ಗೋದಾಮು ಗುಡಿಸಿದ್ದಕ್ಕೆ ಶೇ. 17

“ಇದೆಲ್ಲಾ ದೊಡ್ಡವರ ಮಾತಾಯ್ತು. ಸಣ್ಣ ಅಂಗಡಿಗೇನು?” ಎಂದು ಕೇಳಬಹುದು. ಮುಂಬಯಿ ಸಮೀಪದ 17 ನೇಯ್ಗೆ ಕಂಪನಿಗಳ ಉದಾಹರಣೆ ಇದೆ. ಅವು ಮನೆತನದವರು ನಡೆಸುವ ಕಾರ್ಖಾನೆಗಳು, ಅಪ್ಪ ಗಲ್ಲಾದಲ್ಲಿ, ಮಕ್ಕಳು ವಹಿವಾಟಿನಲ್ಲಿ. 2008ರ ಸುಮಾರಿಗೆ ನಿಕೊಲಾಸ್ ಬ್ಲೂಮ್ ಮೊದಲಾದವರು ಅವುಗಳಲ್ಲಿ ಕೆಲವಕ್ಕೆ ಸಲಹೆಗಾರರನ್ನು ಕಳಿಸಿದರು. ಅವರು ಹೇಳಿಕೊಟ್ಟದ್ದು ಮಂತ್ರವೇನಲ್ಲ. ನೆಲ ಗುಡಿಸಿ, ನೂಲನ್ನು ಬಣ್ಣಕ್ಕೊಂದು ಕಡೆ ಜೋಡಿಸಿ, ಮೆಷಿನ್ ಕೆಡುವ ಮುಂಚೆ ಎಣ್ಣೆ ಹಾಕಿ, ಯಾವ ತಪ್ಪು ಎಲ್ಲಿ ಆಯಿತು ಎಂದು ದಿನಾ ಬರೆದಿಡಿ, ಯಾರ ಕೆಲಸ ಯಾವುದು ಎಂದು ಮೊದಲೇ ಹೇಳಿ, ಚೆನ್ನಾಗಿ ಮಾಡಿದವನಿಗೆ ಬಹುಮಾನ ಕೊಡಿ. ಮೊದಲ ವರ್ಷವೇ ಉತ್ಪಾದಕತೆ ಶೇ. 17ರಷ್ಟು ಏರಿತು.

ಒಂಬತ್ತು ವರ್ಷದ ಮೇಲೆ ಮತ್ತೆ ಹೋಗಿ ನೋಡಿದಾಗ ಆ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಉಳಿದ ಅರ್ಧದಿಂದಲೇ ಆ ಕಾರ್ಖಾನೆಗಳು ಬೇರೆಯವಕ್ಕಿಂತ ಮುಂದಿದ್ದವು. ಶ್ರಾವಣದಲ್ಲಿ ಹಿಡಿದ ವ್ರತ ಕಾರ್ತಿಕಕ್ಕೆ ಮರೆಯುವುದು ಎಲ್ಲ ಕಡೆಯೂ ಇದ್ದದ್ದೇ.

ಸಾಮಾನು ಎಲ್ಲಿದೆ ಎಂದು ಆಳಿಗೆ ಗೊತ್ತಿಲ್ಲದ ಅಂಗಡಿಯಲ್ಲಿ ಗಿರಾಕಿ ಕಾಯುತ್ತಾನೆ, ಆಳು ಬೈಸಿಕೊಳ್ಳುತ್ತಾನೆ, ಸಾಹುಕಾರ ಬೆವರುತ್ತಾನೆ. ಅಪ್ಪ ಒಂದು ಹೇಳಿ, ಮಗ ಇನ್ನೊಂದು ಹೇಳಿ, ಸೊಸೆ ಮೂರನೆಯದಕ್ಕೆ ಕಳಿಸಿದರೆ ಮೂರೂ ಕೆಡುತ್ತವೆ. ಅದಕ್ಕೆ ಸೋಮಾರಿತನ ಎಂದು ಹೆಸರು!

ಒಂದು ಸ್ಟೂಲಿನ ಬೆಲೆ

ಬಟ್ಟೆ ಅಂಗಡಿಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಹೆಣ್ಣುಮಕ್ಕಳು ನಿಂತೇ ಇರುತ್ತಾರೆ. ಗಿರಾಕಿ ಇಲ್ಲದಿದ್ದರೂ ಕೂರುವಂತಿಲ್ಲ. ಕೂತರೆ ಸಾಹುಕಾರರ ಮರ್ಯಾದೆಗೆ ಕುಂದು. ಕೇರಳದಲ್ಲಿ ಕೋಳಿಕ್ಕೋಡಿನ ಅಂಗಡಿ ಹೆಂಗಸರು ಇದರ ವಿರುದ್ಧ ಎದ್ದುನಿಂತರು. 2018ರಲ್ಲಿ ಅಲ್ಲಿ, 2021ರಲ್ಲಿ ತಮಿಳುನಾಡಿನಲ್ಲಿ, ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕಾನೂನಾಯಿತು. ಕೂರುವುದಕ್ಕೂ ಕಾನೂನು ಬೇಕಾಯಿತಲ್ಲ ಎಂಬುದೇ ನಾಚಿಕೆಯ ಮಾತು. ಒಂದು ಸ್ಟೂಲಿಗೆ ಎಷ್ಟು ಖರ್ಚು? ಸಂಜೆ ಆರರ ಮೇಲೆ ಕಾಲು ನೋಯುತ್ತಿರುವವಳು ಸೀರೆ ಬಿಡಿಸಿ ತೋರಿಸುವ ಉತ್ಸಾಹಕ್ಕೂ, ಸ್ವಲ್ಪ ಕೂತು ಎದ್ದವಳ ಉತ್ಸಾಹಕ್ಕೂ ಎಷ್ಟು ವ್ಯತ್ಯಾಸ? ವ್ಯಾಪಾರ ಬಲ್ಲವರು ಲೆಕ್ಕ ಹಾಕಿಕೊಳ್ಳಲಿ.

ವಾರದ ರಜೆಯೂ ಹಾಗೆಯೇ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ವಾರಕ್ಕೊಂದು ಪೂರ್ತಿ ದಿನ ರಜೆ ಎಂದು ಅದರಲ್ಲಿ ಅಂದೇ ಬರೆದಿದೆ. ಅರವತ್ತು ವರ್ಷ ದಾಟಿದರೂ “ರಜೆ ಕೇಳ್ತಾನಲ್ಲ ಅವ್ನು!” ಎಂದು ಹುಬ್ಬೇರಿಸುವವರಿದ್ದಾರೆ.

ಸಾಹುಕಾರರ ಮಾತಿಗೂ ಬೆಲೆಯಿದೆ

ಇಷ್ಟೆಲ್ಲಾ ಹೇಳಿದ ಮೇಲೆ ಅಂಗಡಿಯವರ ಕಷ್ಟ ಹೇಳದಿದ್ದರೆ ಅನ್ಯಾಯವಾದೀತು. ಬಾಡಿಗೆ, ಕರೆಂಟು, ಸಾಲದ ಬಡ್ಡಿ, ಉದ್ರಿ ಹೋದ ಗಿರಾಕಿ, ಮೊಬೈಲಿನಲ್ಲೇ ಕೊಳ್ಳುವ ಹೊಸ ಕಾಲ, ಇವೆಲ್ಲ ಸಣ್ಣ ವ್ಯಾಪಾರಿಯ ಬೆನ್ನು ಮುರಿದಿವೆ. ಮುಂಗಡ ಇಸಕೊಂಡು ಮಾರನೇ ದಿನವೇ ನಾಪತ್ತೆಯಾಗುವ ಆಳೂ ಇದ್ದಾನೆ. ಎಲ್ಲ ಆಳೂ ದೇವರಲ್ಲ, ಎಲ್ಲ ಧಣಿಯೂ ರಾಕ್ಷಸನಲ್ಲ.

ಆದರೆ ಬಿಟ್ಟು ಹೋಗುವ ಆಳಿನ ಖರ್ಚನ್ನೂ ಒಮ್ಮೆ ಲೆಕ್ಕ ಹಾಕಿ ನೋಡಲಿ. ಹೊಸಬ ಬರುವವರೆಗೆ ಅಂಗಡಿಯವರೇ ಮೂಟೆ ಹೊರಬೇಕು. ಬಂದವನಿಗೆ ದರ, ತೂಕ, ಗಿರಾಕಿಗಳ ಗುರುತು ಕಲಿಸಬೇಕು. ಕಲಿಯುವಾಗ ಆಗುವ ತಪ್ಪಿನ ನಷ್ಟ ಬೇರೆ. ಅಮೆರಿಕದ ಹೆನ್ರಿ ಫೋರ್ಡ್ ಕಾರಿನ ಕಾರ್ಖಾನೆಯಲ್ಲಿ 1913ರಲ್ಲಿ ಸುಮಾರು 14 ಸಾವಿರ ಆಳುಗಳ ಜಾಗ ತುಂಬಿಸಿಡಲು ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಗುತ್ತಿತ್ತು. ಬಂದವರು ಬಂದ ಹಾಗೇ ಹೋಗುತ್ತಿದ್ದರು. 1914ರ ಜನವರಿಯಲ್ಲಿ ಆತ ಕೂಲಿಯನ್ನು ದಿನಕ್ಕೆ ಐದು ಡಾಲರಿಗೆ, ಹೆಚ್ಚು ಕಡಿಮೆ ಎರಡು ಪಟ್ಟಿಗೆ, ಏರಿಸಿದ. ದುಡಿಮೆಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದ. ಬಾಗಿಲಲ್ಲಿ ಜನ ಸಾಲುಗಟ್ಟಿದರು. ಫೋರ್ಡ್ ಧರ್ಮಾತ್ಮನಾಗಿ ಹಾಗೆ ಮಾಡಲಿಲ್ಲ, ಪಕ್ಕಾ ವ್ಯಾಪಾರಿಯಾಗಿ ಮಾಡಿದ.

ಇಲ್ಲಿಯ ಅಂಗಡಿಯವರು ಕೂಲಿ ಎರಡು ಪಟ್ಟು ಮಾಡಲಿ ಎಂದು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ದುಡ್ಡು ಖರ್ಚಾಗದ, ಅಥವಾ ಕೊಂಚವೇ ಖರ್ಚಾಗುವ ನಾಲ್ಕು ಕೆಲಸ. ಸಂಬಳಕ್ಕೆ ಒಂದು ತಾರೀಖು ಗೊತ್ತುಮಾಡಿ, ಆ ತಾರೀಖು ತಪ್ಪದಿರಿ. ವಾರಕ್ಕೊಂದು ರಜೆ ಕೊಡಿ, ಅದನ್ನು ಹಿಂದಿನ ದಿನ ರಾತ್ರಿ ಕಿತ್ತುಕೊಳ್ಳಬೇಡಿ. ಆಳಿಗೆ ಅಪ್ಪಣೆ ಕೊಡುವ ಬಾಯಿ ಒಂದೇ ಇರಲಿ, ಅದು ಗಿರಾಕಿಗಳ ಎದುರು ಬೈಯದಿರಲಿ. ಕೂರಲು ಸ್ಟೂಲು, ಕುಡಿಯಲು ನೀರು, ಹೆಣ್ಣುಮಕ್ಕಳಿಗೆ ಬೀಗ ಹಾಕದ ಶೌಚಾಲಯ ಇರಲಿ.

ಪೇಟೆಯ ವರ್ತಕರೆಲ್ಲಾ ಒಟ್ಟಿಗೆ ಕೂತು ಈ ನಾಲ್ಕನ್ನು ಒಪ್ಪಿಕೊಂಡರೆ ಒಬ್ಬರ ಆಳನ್ನು ಇನ್ನೊಬ್ಬರು ಸೆಳೆಯುವ ಜಗಳವೂ ಅರ್ಧ ತಗ್ಗುತ್ತದೆ. ಅಡಿಕೆ ಸುಗ್ಗಿಗೆ ಮುಂಚೆ ಸುಲಿಯುವ ಅಳತೆಯನ್ನು ಎಲ್ಲರೆದುರು ಗೊತ್ತುಮಾಡಿದರೆ “ಅವ್ರ ಡಬ್ಬ ದೊಡ್ಡದು, ಇವ್ರ ಡಬ್ಬ ಸಣ್ಣದು” ಎಂಬ ಗುಸುಗುಸುವಿಗೆ ಜಾಗವಿರುವುದಿಲ್ಲ. ಬಸ್ಸಿನ ಮಾಲೀಕರು ಕಲೆಕ್ಷನ್ ಜೊತೆಗೆ ಜೋಪಾನಕ್ಕೂ ಒಂದು ಭತ್ಯೆ ಇಟ್ಟರೆ ಪ್ರಯಾಣಿಕರ ಜೀವ ಉಳಿಯುತ್ತದೆ.

ಮಾಡದಿದ್ದರೂ ಆಕಾಶವೇನೂ ಕಳಚಿ ಬೀಳುವುದಿಲ್ಲ. ಬೆಂಗಳೂರಿನ ಬಸ್ಸು ದಿನಾ ಹೊರಡುತ್ತದೆ, ಊರಿನ ಹುಡುಗರು ಅದರಲ್ಲಿ ಹೊರಡುತ್ತಾರೆ. ಅಂಗಡಿಗಳ ಮುಂದೆ “ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ” ಎಂಬ ಬೋರ್ಡು ಬಿಸಿಲಿಗೆ ಬಣ್ಣ ಮಾಸಿಕೊಂಡು ತೂಗಾಡುತ್ತಿರುತ್ತದೆ, ಅಷ್ಟೆ.